ನೋವಿನ ಅಳತೆಗೋಲು

(ನಮ್ಮ ಶಾಲೆಯ ವಾರ್ಷಿಕೋತ್ಸವದ ಅಂಗವಾಗಿ ಏರ್ಪಟ್ಟಿದ್ದ ವಿಜ್ಞಾನಗೋಷ್ಠಿಯಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಈ ಗೋಷ್ಠಿಯಲ್ಲಿ ನಾವೂ ನಾಲ್ಕು ಮಾತುಗಳನ್ನಾಡಬೇಕೆಂದು ಸಂಘದ ಕಾರ್ಯದರ್ಶಿಗಳು ಅಪ್ಪಣೆ ಮಾಡಿದಾಗ, ಯಾವ ವಿಷಯವನ್ನು ಆರಿಸಿಕೊಳ್ಳುವುದೆಂದು ನಾವು ಬಹಳವಾಗಿ ಆಲೋಚಿಸಿದೆವು. ಗ್ರಹನಕ್ಷತ್ರಗಳ ವಿಚಾರವನ್ನೂ ಯಂತ್ರಗಳ ವಿಚಾರವನ್ನೂ ಮಕ್ಕಳು ಪಾಠದ ಪುಸ್ತಕಗಳಲ್ಲಿ ಓದುತ್ತಾರೆ. ಆದರೆ ಈ ಸಭೆಯಲ್ಲಿ ಕುಳಿತಿರುವ ಚಿಕ್ಕವರಿಂದ ಹಿರಿಯರವರೆಗೆ ಎಲ್ಲರೂ ಸ್ವಂತ ಅನುಭವದಿಂದ ಬಲ್ಲ ವಿಷಯವೊಂದಿದೆ. ಅದೇ ನೋವು. ಎಲ್ಲರೂ ಬಲ್ಲ ಈ ವಿಷಯವನ್ನು ವಿಜ್ಞಾನವು ಇಂದಿಗೂ ಪೂರ್ತಿಯಾಗಿ ಅರಿತಿಲ್ಲವೆಂಬುದು ಸೋಜಿಗದ ಸಂಗತಿ. ನಾವು ವೈದ್ಯರಲ್ಲ, ರಸಾಯನಶಾಸ್ತ್ರಜ್ಞರೂ ಅಲ್ಲ. ಓದಿ ತಿಳಿದುದನ್ನು ಮಕ್ಕಳಿಗೆ ಅರ್ಥವಾಗುವಂತೆ ಹೇಳುವುದು ಉಪಾಧ್ಯಾಯರ ವೃತ್ತಿಯಾದುದರಿಂದ ಈ ಧೈರ್ಯವನ್ನು ಮಾಡಿದ್ದೇವೆ. ತಪ್ಪಿದ್ದಲ್ಲಿ ತಿಳಿದವರು ತಿದ್ದಬೇಕು.

ನೋವೆಂಬುದು ಇಲ್ಲದೆಯೇ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಹಲ್ಲುನೋವಿನ ರಾತ್ರಿಯಲ್ಲಿ ಯಾರಿಗೆ ಅನಿಸುವುದಿಲ್ಲ? ನೋವಿಲ್ಲದೆ ಹುಟ್ಟಿದ ಮಕ್ಕಳ ಕಥೆಯನ್ನು ಕೇಳಿದರೆ ಈ ಆಸೆ ಅಡಗಿಹೋಗುತ್ತದೆ. ಪಾಕಿಸ್ತಾನದ ಉತ್ತರ ಭಾಗದಲ್ಲಿ ಒಬ್ಬ ಬಾಲಕನಿದ್ದನು. ಬೀದಿಯಲ್ಲಿ ಜನರನ್ನು ಸೇರಿಸಿ, ತನ್ನ ತೋಳಿಗೆ ಚೂರಿಯನ್ನು ಚುಚ್ಚಿಕೊಂಡು, ಉರಿಯುವ ಕೆಂಡದ ಮೇಲೆ ನಡೆದು ತೋರಿಸುವುದು ಅವನ ಆಟವಾಗಿತ್ತು. ಅವನಿಗೆ ನೋವೇ ಆಗುತ್ತಿರಲಿಲ್ಲ. ಸಂಶೋಧಕರು ಅವನನ್ನು ಪರೀಕ್ಷಿಸುವುದಕ್ಕೆ ಮೊದಲೇ, ಹದಿನಾಲ್ಕು ವರ್ಷ ತುಂಬುವ ಹೊತ್ತಿಗೆ, ಅವನು ಮನೆಯ ಮಾಡಿನಿಂದ ಕೆಳಕ್ಕೆ ಹಾರಿ ಮರಣ ಹೊಂದಿದನು. ಅವನ ಸಂಬಂಧಿಗಳ ಮೂರು ಕುಟುಂಬಗಳಲ್ಲಿ ಇಂತಹ ಆರು ಮಕ್ಕಳನ್ನು ಇಂಗ್ಲೆಂಡಿನ ವಿಜ್ಞಾನಿಗಳು ಕಂಡುಕೊಂಡರು. ಆ ಮಕ್ಕಳು ಎಳವೆಯಲ್ಲಿ ತಮ್ಮ ತುಟಿ ನಾಲಗೆಗಳನ್ನು ತಾವೇ ಕಚ್ಚಿಕೊಂಡು ಗಾಯ ಮಾಡಿಕೊಂಡಿದ್ದರು. ಮೂಳೆ ಮುರಿದರೂ ಅವರಿಗೆ ತಿಳಿಯುತ್ತಿರಲಿಲ್ಲ.

ನಮ್ಮ ದೇಶದಲ್ಲಿಯೇ ಇದೇ ಪಾಠವನ್ನು ಕಲಿತ ಮಹನೀಯರೊಬ್ಬರಿದ್ದರು. ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ 1914ರಲ್ಲಿ ಜನಿಸಿದ ಡಾಕ್ಟರ್ ಪಾಲ್ ಬ್ರಾಂಡ್ ಅವರು 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿಗೆ ಬಂದು ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆಯನ್ನು ಮಾಡತೊಡಗಿದರು. ಕುಷ್ಠರೋಗದಿಂದ ಮಾಂಸವೇ ಕೊಳೆತು ಬೆರಳುಗಳು ಉದುರುತ್ತವೆಂದು ಜನರು ನಂಬಿದ್ದರು. ಬ್ರಾಂಡ್ ಅವರು ರೋಗಿಗಳ ದಿನಚರಿಯನ್ನೇ ಕಣ್ಣಿಟ್ಟು ನೋಡಿ, ಸತ್ಯವು ಬೇರೆಯೆಂದು ಕಂಡುಕೊಂಡರು. ರೋಗವು ನರಗಳನ್ನು ಕೆಡಿಸಿ ನೋವಿನ ಅರಿವನ್ನು ಕಸಿದುಕೊಳ್ಳುತ್ತದೆ. ಆಮೇಲೆ ರೋಗಿಯು ಬಿಸಿ ಪಾತ್ರೆಯನ್ನು ಬರಿಗೈಯಲ್ಲಿ ಎತ್ತುತ್ತಾನೆ, ಕಾಲಿಗೆ ಮುಳ್ಳು ಹೊಕ್ಕರೂ ನಡೆಯುತ್ತಲೇ ಇರುತ್ತಾನೆ. ಗಾಯದ ಮೇಲೆ ಗಾಯವಾಗಿ ಅಂಗವು ನಾಶವಾಗುತ್ತದೆ. ಮುಂದೆ ಅಮೆರಿಕದಲ್ಲಿದ್ದಾಗ ಅವರು ಇಂತಹ ರೋಗಿಗಳಿಗಾಗಿ ಯಂತ್ರದ ಮೂಲಕ ಕೃತಕವಾಗಿ ನೋವಿನ ಎಚ್ಚರಿಕೆಯನ್ನು ಕೊಡಲು ಪ್ರಯತ್ನಿಸಿದರು. ಎಚ್ಚರಿಕೆಯ ಸದ್ದನ್ನು ರೋಗಿಗಳು ಲಕ್ಷಿಸಲಿಲ್ಲ. ವಿದ್ಯುತ್ತಿನ ಪೆಟ್ಟನ್ನು ಕೊಟ್ಟರೆ, ಕೆಲಸಕ್ಕೆ ಅಡ್ಡಿಯೆಂದು ಯಂತ್ರವನ್ನೇ ನಿಲ್ಲಿಸಿಬಿಡುತ್ತಿದ್ದರು. ನಿಲ್ಲಿಸಲು ಬಾರದಿರುವುದೇ ದೇವರು ಕೊಟ್ಟ ನೋವಿನ ದೊಡ್ಡ ಗುಣವೆಂದು ಇದರಿಂದ ತಿಳಿಯಿತು.

ಹೀಗೆ ನೋವು ದೇಹವೆಂಬ ಮನೆಯ ಕಾವಲುಗಾರ. ಆದರೆ ಈ ಕಾವಲುಗಾರನಿಗೆ ಒಂದು ದೋಷವೂ ಉಂಟು. ಕಳ್ಳನು ಬಂದಾಗ ಕೂಗುವುದು ಸರಿ. ಕಳ್ಳನು ಸಿಕ್ಕಿಬಿದ್ದ ಮೇಲೆಯೂ, ಶಸ್ತ್ರಚಿಕಿತ್ಸೆ ಮುಗಿದು ವೈದ್ಯನು ಮನೆಗೆ ಹೋದ ಮೇಲೆಯೂ, ಅವನು ಕೂಗುತ್ತಲೇ ಇರುತ್ತಾನೆ. ಕೆಲವರಲ್ಲಿ ವರ್ಷಗಟ್ಟಲೆ ಕೂಗುತ್ತಾನೆ. ಕಾವಲುಗಾರನನ್ನು ಕೊಲ್ಲದೆ ಅವನ ಕೂಗನ್ನು ಮಾತ್ರ ತಗ್ಗಿಸುವುದು ಹೇಗೆ? ಎರಡು ಶತಮಾನಗಳಿಂದ ರಸಾಯನಶಾಸ್ತ್ರವು ಎದುರಿಸುತ್ತ ಬಂದಿರುವ ಪ್ರಶ್ನೆ ಇದು.

1804ರ ಸುಮಾರಿಗೆ ಜರ್ಮನಿಯ ಸೆರ್ಟ್ಯೂರ್ನರ್ ಎಂಬ ತರುಣ ಔಷಧಿಕಾರನು ಅಫೀಮಿನಿಂದ ಅದರ ಸಾರವಾದ ಮಾರ್ಫಿನ್ನನ್ನು ಬೇರ್ಪಡಿಸಿದನು. 1897ರಲ್ಲಿ ಅದೇ ದೇಶದ ಬಾಯರ್ ಸಂಸ್ಥೆಯ ಫೆಲಿಕ್ಸ್ ಹಾಫ್‌ಮನ್ ಎಂಬವನು ಶುದ್ಧವಾದ ಅಸಿಟೈಲ್ ಸ್ಯಾಲಿಸಿಲಿಕ್ ಆಮ್ಲವನ್ನು ತಯಾರಿಸಿದನು. ಇದೇ ನಾವೆಲ್ಲರೂ ಬಲ್ಲ ಆಸ್ಪಿರಿನ್. ಅದು ದೇಹದಲ್ಲಿ ಹೇಗೆ ಕೆಲಸ ಮಾಡುತ್ತದೆಂಬುದು ತಿಳಿಯಲು ಮತ್ತೆ ಎಪ್ಪತ್ತಕ್ಕೂ ಹೆಚ್ಚು ವರ್ಷಗಳು ಬೇಕಾದುವು. 1971ರಲ್ಲಿ ಇಂಗ್ಲೆಂಡಿನ ಜಾನ್ ವೇನ್ ಅವರು, ಗಾಯದ ಸ್ಥಳದಲ್ಲಿ ನರಗಳನ್ನು ಕೆರಳಿಸುವ ಪ್ರೊಸ್ಟಗ್ಲಾಂಡಿನ್ ಎಂಬ ದ್ರವ್ಯಗಳು ಹುಟ್ಟದಂತೆ ಆಸ್ಪಿರಿನ್ ತಡೆಯುತ್ತದೆಂದು ತೋರಿಸಿ, 1982ರಲ್ಲಿ ನೊಬೆಲ್ ಬಹುಮಾನಕ್ಕೆ ಪಾತ್ರರಾದರು. ಆದರೆ ಹಾಫ್‌ಮನ್ ಆಸ್ಪಿರಿನ್ನನ್ನು ತಯಾರಿಸಿದ ಕೆಲವೇ ದಿನಗಳಲ್ಲಿ ಅದೇ ಪ್ರಯೋಗಶಾಲೆಯಲ್ಲಿ ಮಾರ್ಫಿನ್ನಿನಿಂದ ಇನ್ನೊಂದು ಸಂಯುಕ್ತವೂ ಸಿದ್ಧವಾಯಿತೆಂಬುದನ್ನು ಮರೆಯಬಾರದು. ಅದನ್ನು 1898ರಿಂದ ಕೆಮ್ಮಿನ ಔಷಧವೆಂದು ಮಾರಿದರು. ಅದರ ಹೆಸರು ಹೆರಾಯಿನ್. ಒಂದೇ ಕೈಯಿಂದ, ಒಂದೇ ತಿಂಗಳಿನಲ್ಲಿ, ಒಂದು ವರವೂ ಒಂದು ಶಾಪವೂ ಹೊರಬಂದುವು. ಹೊಸ ಸಂಯುಕ್ತವು ಯಾವುದಾಗುವುದೆಂದು ಹುಟ್ಟಿದ ದಿನ ಯಾರಿಗೂ ತಿಳಿಯುವುದಿಲ್ಲ.

ಔಷಧವು ನೋವನ್ನು ಎಷ್ಟು ತಗ್ಗಿಸಿತೆಂದು ತಿಳಿಯಬೇಕಾದರೆ ಮೊದಲು ನೋವನ್ನು ಅಳೆಯಬೇಕಷ್ಟೆ. ಜ್ವರಕ್ಕೆ ಉಷ್ಣಮಾಪಕವಿದೆ, ಭಾರಕ್ಕೆ ತಕ್ಕಡಿಯಿದೆ. ನೋವಿಗೆ ಏನಿದೆ? 1940ರ ಸುಮಾರಿಗೆ ನ್ಯೂಯಾರ್ಕಿನಲ್ಲಿ ಹಾರ್ಡಿ, ವುಲ್ಫ್ ಮತ್ತು ಹೆಲೆನ್ ಗುಡೆಲ್ ಎಂಬ ಮೂವರು ವಿಜ್ಞಾನಿಗಳು ಒಂದು ಉಪಕರಣವನ್ನು ರಚಿಸಿದರು. ಹಣೆಗೆ ಕಪ್ಪು ಮಸಿಯನ್ನು ಬಳಿದು, ಬಲವಾದ ದೀಪದ ಶಾಖವನ್ನು ಮಸೂರದ ಮೂಲಕ ಅದರ ಮೇಲೆ ಮೂರು ಸೆಕೆಂಡು ಬೀಳಿಸಿ, ಯಾವ ಹಂತದಲ್ಲಿ ನೋವು ತೋರುತ್ತದೆಂದು ಗುರುತಿಸುವುದು ಇದರ ಕ್ರಮ. ಪರರ ಮೇಲೆ ಪ್ರಯೋಗಿಸುವ ಮೊದಲು ತಮ್ಮ ಹಣೆಗಳನ್ನೇ ಅವರು ಒಡ್ಡಿದ್ದರು. ನೋವಿನ ಪ್ರಮಾಣಕ್ಕೆ ‘ಡೋಲ್’ ಎಂಬ ಮಾನವನ್ನೂ ಗೊತ್ತುಮಾಡಿದರು. ಇನ್ನು ಮುಂದೆ ನೋವನ್ನು ಸೇರು ಪಾವಿನಂತೆ ಅಳೆಯಬಹುದೆಂದು ಆಗ ತೋರಿತು.

ಈ ಭರವಸೆಯು ಬಹುಕಾಲ ನಿಲ್ಲಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಹೆನ್ರಿ ಬೀಚರ್ ಎಂಬ ಅಮೆರಿಕದ ವೈದ್ಯರು ಇಟಲಿಯ ರಣರಂಗದಲ್ಲಿ ತೀವ್ರವಾಗಿ ಗಾಯಗೊಂಡ ಸೈನಿಕರನ್ನು, ‘ನೋವಿದೆಯೇ? ಔಷಧ ಬೇಕೇ?’ ಎಂದು ಒಬ್ಬೊಬ್ಬರನ್ನಾಗಿ ಕೇಳಿದರು. ಎಲುಬು ಮುರಿದವರು, ಹೊಟ್ಟೆಗೆ ಗುಂಡು ತಗುಲಿದವರು ಅವರಲ್ಲಿದ್ದರು. ಆದರೂ ಸುಮಾರು ಮುಕ್ಕಾಲು ಪಾಲು ಮಂದಿ, ಔಷಧ ಬೇಕೆನ್ನುವಷ್ಟು ನೋವಿಲ್ಲವೆಂದರು. ಯುದ್ಧದಿಂದ ಜೀವಸಹಿತ ಪಾರಾಗಿ ಊರಿಗೆ ಮರಳುವೆನೆಂಬ ಸಮಾಧಾನವು ಸೈನಿಕನ ನೋವನ್ನು ತಗ್ಗಿಸಿತೆಂದು ಬೀಚರ್ ಅವರು ವಿವರಿಸಿದರು. ಗಾಯದ ಅಳತೆಯೇ ನೋವಿನ ಅಳತೆಯಲ್ಲವೆಂದು ಇದರಿಂದ ಸಿದ್ಧವಾಯಿತು. 1965ರಲ್ಲಿ ಮೆಲ್ಜಾಕ್ ಮತ್ತು ವಾಲ್ ಎಂಬ ವಿದ್ವಾಂಸರು ಇದಕ್ಕೊಂದು ಸಿದ್ಧಾಂತವನ್ನು ಒದಗಿಸಿದರು. ಬೆನ್ನುಹುರಿಯಲ್ಲಿ ನೋವಿನ ಸಂದೇಶಕ್ಕೆ ಒಂದು ಬಾಗಿಲು ಇದೆಯೆಂದೂ, ಮೇಲಿನಿಂದ ಮಿದುಳೂ ಹೊರಗಿನಿಂದ ಸ್ಪರ್ಶವೂ ಆ ಬಾಗಿಲನ್ನು ಓರೆ ಮಾಡಬಲ್ಲುವೆಂದೂ ಅವರು ಹೇಳಿದರು. ಆ ಸಿದ್ಧಾಂತದ ವಿವರಗಳು ಮುಂದೆ ಬಹಳವಾಗಿ ತಿದ್ದುಪಡಿಯಾದರೂ, ಬಿದ್ದ ಮಗುವಿನ ಮೊಣಕಾಲನ್ನು ತಾಯಿ ಉಜ್ಜಿದಾಗ ನೋವು ಕಡಮೆಯಾಗುವುದೇಕೆಂದು ತಿಳಿಯಲು ಅದು ದಾರಿ ಮಾಡಿತು.

ಈಚಿನ ಸಂಶೋಧನೆಯು ಇನ್ನೂ ಸೂಕ್ಷ್ಮವಾದ ಬಾಗಿಲುಗಳನ್ನು ಕಂಡುಹಿಡಿದಿದೆ. ಮೆಣಸಿನಕಾಯಿಯನ್ನು ಕಚ್ಚಿದಾಗ ಬಾಯಿ ಉರಿಯುತ್ತದೆ. ಬಿಸಿ ಗಂಜಿ ತಗುಲಿದರೂ ನಾವು ಉರಿಯೆಂದೇ ಹೇಳುತ್ತೇವೆ. ಖಾರಕ್ಕೂ ಬಿಸಿಗೂ ಒಂದೇ ಮಾತನ್ನು ಬಳಸಿದ ನಮ್ಮ ಹಿರಿಯರು ಸರಿಯಾಗಿಯೇ ಹೇಳಿದ್ದರೆಂದು 1997ರಲ್ಲಿ ಅಮೆರಿಕದ ಡೇವಿಡ್ ಜೂಲಿಯಸ್ ಅವರ ಪ್ರಯೋಗಶಾಲೆಯು ಶ್ರುತಪಡಿಸಿತು. ಮೆಣಸಿನ ಖಾರಕ್ಕೆ ತೆರೆಯುವ ನರದ ಬಾಗಿಲೇ ಸುಮಾರು 43 ಡಿಗ್ರಿ ಸೆಂಟಿಗ್ರೇಡಿಗೆ ಮೀರಿದ ಶಾಖಕ್ಕೂ ತೆರೆಯುತ್ತದೆ. ಜೂಲಿಯಸ್ ಅವರಿಗೆ 2021ರಲ್ಲಿ, ಸ್ಪರ್ಶದ ಬಾಗಿಲುಗಳನ್ನು ಕಂಡುಹಿಡಿದ ಆರ್ಡೆಮ್ ಪಟಪೌಟಿಯನ್ ಅವರೊಡನೆ, ನೊಬೆಲ್ ಬಹುಮಾನವು ದೊರೆಯಿತು.

ನರವು ತಂತಿಯಂತೆ ಸಂದೇಶವನ್ನು ಸಾಗಿಸುವುದು ಅಡುಗೆಯ ಉಪ್ಪಿನಲ್ಲಿಯೂ ಇರುವ ಸೋಡಿಯಂ ಎಂಬ ಧಾತುವಿನ ಬಲದಿಂದ. ನರದ ಗೋಡೆಯಲ್ಲಿ ಸೋಡಿಯಂ ಕಣಗಳಿಗೆ ಮಾತ್ರ ದಾರಿ ಬಿಡುವ ಬಾಗಿಲುಗಳಿವೆ. ಒಂದು ಬಾಗಿಲು ತೆರೆದರೆ ಕಣಗಳು ಒಳನುಗ್ಗುತ್ತವೆ. ಅದರ ವಿದ್ಯುತ್ತಿನಿಂದ ಪಕ್ಕದ ಬಾಗಿಲು ತೆರೆಯುತ್ತದೆ. ಸಾಲುದೀಪದಂತೆ ಸಂದೇಶವು ಮುಂದೆ ಮುಂದೆ ಸಾಗುತ್ತದೆ. ಈ ಬಾಗಿಲುಗಳಲ್ಲಿ ಒಂಬತ್ತು ಬಗೆಗಳುಂಟು. ನಾವು ಮೊದಲು ಹೇಳಿದ ಪಾಕಿಸ್ತಾನದ ಮಕ್ಕಳಲ್ಲಿ ಏಳನೆಯ ಬಗೆಯ ಬಾಗಿಲು ಹುಟ್ಟಿನಿಂದಲೇ ಕೆಟ್ಟುಹೋಗಿತ್ತೆಂದು 2006ರಲ್ಲಿ ಪ್ರಕಟವಾಯಿತು. ಇದಕ್ಕೆ ವಿರುದ್ಧವಾಗಿ, ಅದೇ ಬಾಗಿಲು ಸುಲಭವಾಗಿ ತೆರೆದುಕೊಳ್ಳುವ ದೋಷವಿದ್ದವರಿಗೆ ಕೈಕಾಲುಗಳು ಬೆಂಕಿಯಲ್ಲಿಟ್ಟಂತೆ ಉರಿಯುತ್ತವೆಂದು ಚೀನಾದ ಸಂಶೋಧಕರು 2004ರಲ್ಲಿಯೇ ತೋರಿಸಿದ್ದರು. ಒಬ್ಬನಿಗೆ ಕೆಂಡವೂ ತಣ್ಣಗೆ, ಇನ್ನೊಬ್ಬನಿಗೆ ಕಾಲುಚೀಲವೂ ಕೆಂಡ! ನೋವಿನ ಅರಿವು ಮನುಷ್ಯನಿಂದ ಮನುಷ್ಯನಿಗೆ ಎಷ್ಟು ಭಿನ್ನವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಈ ಬಾಗಿಲುಗಳಿಗೆ ಅಗುಳಿಯಾಗಬಲ್ಲ ಸಂಯುಕ್ತಗಳನ್ನು ರಸಾಯನಶಾಸ್ತ್ರಜ್ಞರು ಒಂದಾದ ಮೇಲೊಂದರಂತೆ ಕಟ್ಟತೊಡಗಿದರು. ಏಳನೆಯ ಬಾಗಿಲಿಗೆ ಮಾಡಿದ ಪ್ರಯತ್ನಗಳು ನಿರಾಶೆಯನ್ನೇ ತಂದುವು. ಎಂಟನೆಯ ಬಗೆಯ ಬಾಗಿಲು ಮುಖ್ಯವಾಗಿ ಮಿದುಳಿನ ಹೊರಗಣ ನೋವಿನ ನರಗಳಲ್ಲಿದೆ. ಅದನ್ನು ಮುಚ್ಚುವ ಸುಜೆಟ್ರಿಜಿನ್ ಎಂಬ ಸಂಯುಕ್ತಕ್ಕೆ ಅಮೆರಿಕದ ಸರಕಾರವು 2025ರ ಜನವರಿ 30ರಂದು, ವಯಸ್ಕರ ತಾತ್ಕಾಲಿಕವಾದ ಆದರೆ ತೀವ್ರವಾದ ನೋವಿಗೆ ಬಳಸಲು ಅನುಮತಿಯನ್ನಿತ್ತಿತು. ಅಫೀಮಿನ ಕುಲಕ್ಕೆ ಸೇರದ ಇಂತಹ ಹೊಸ ಬಗೆಯ ಔಷಧಕ್ಕಾಗಿ ವೈದ್ಯಲೋಕವು ಬಹುಕಾಲದಿಂದ ಕಾದಿತ್ತು. ಮಿದುಳಿಗೆ ಮಂಪರು ತರದೆ, ಕೂಗು ಹೊರಡುವ ಸ್ಥಳದಲ್ಲಿಯೇ ಅದನ್ನು ತಡೆಯುವುದು ಇದರ ಹಂಚಿಕೆ. ಆದರೆ ಹೊಗಳಿಕೆಯಲ್ಲಿ ಮಿತಿಯಿರಬೇಕು. ಶಸ್ತ್ರಚಿಕಿತ್ಸೆಯಾದವರಲ್ಲಿ ನಡೆದ ಎರಡು ದೊಡ್ಡ ಪರೀಕ್ಷೆಗಳಲ್ಲಿ ಇದು ಔಷಧವಿಲ್ಲದ ಹುಸಿಗುಳಿಗೆಗಿಂತ ಮೇಲೆಂದು ಸಿದ್ಧವಾಯಿತೇ ಹೊರತು, ಹಳೆಯ ಅಫೀಮು ಕುಲದ ಔಷಧದ ಮಿಶ್ರಣವನ್ನು ಮೀರಿಸಲಿಲ್ಲ. ಸೊಂಟದಿಂದ ಕಾಲಿಗಿಳಿಯುವ ದೀರ್ಘಕಾಲದ ನೋವಿನ ಮೇಲೆ ನಡೆದ ಪರೀಕ್ಷೆಯ ಫಲವು 2024ರ ಡಿಸೆಂಬರಿನಲ್ಲಿ ಪ್ರಕಟವಾದಾಗ, ಔಷಧ ಸೇವಿಸಿದವರಿಗೂ ಹುಸಿಗುಳಿಗೆ ಸೇವಿಸಿದವರಿಗೂ ನೋವು ಹತ್ತರಲ್ಲಿ ಸುಮಾರು ಎರಡು ಅಂಕದಷ್ಟೇ ತಗ್ಗಿತ್ತು.

ಸಂಯುಕ್ತದ ಹಾದಿಯಲ್ಲಿ ಪ್ರಾಣವೂ ಹೋದುದುಂಟು. ಸ್ಕಾಟ್ಲೆಂಡಿನ ಓರ್ವ ಮಹಿಳೆಗೆ ಬಾಳಿನುದ್ದಕ್ಕೂ ನೋವಾಗಲಿ ಕಳವಳವಾಗಲಿ ಬಹುಮಟ್ಟಿಗೆ ಇರಲಿಲ್ಲವೆಂದೂ, ದೇಹದಲ್ಲಿ ಸಹಜವಾಗಿ ಹುಟ್ಟುವ ಶಮನದ್ರವ್ಯವನ್ನು ಒಡೆಯುವ ಕಿಣ್ವವು ಆಕೆಯಲ್ಲಿ ಕುಂದಿದ್ದುದೇ ಕಾರಣವೆಂದೂ 2019ರಲ್ಲಿ ವರದಿಯಾಯಿತು. ಇದಕ್ಕೆ ಮೂರು ವರ್ಷ ಮೊದಲೇ, 2016ರ ಜನವರಿಯಲ್ಲಿ, ಅದೇ ಕಿಣ್ವವನ್ನು ತಡೆಯಲೆಂದು ಕಟ್ಟಿದ ಹೊಸ ಸಂಯುಕ್ತವೊಂದನ್ನು ಫ್ರಾನ್ಸಿನ ರೆನ್ ನಗರದಲ್ಲಿ ಆರೋಗ್ಯವಂತರಾದ ಸ್ವಯಂಸೇವಕರಿಗೆ ಕೊಟ್ಟು ಪರೀಕ್ಷಿಸಿದಾಗ, ಆರು ಮಂದಿ ಆಸ್ಪತ್ರೆಯನ್ನು ಸೇರಿ ಒಬ್ಬರು ಮೃತರಾದರು. ನಾವು ನುಂಗುವ ಒಂದೊಂದು ಗುಳಿಗೆಯ ಹಿಂದೆಯೂ ಇಂತಹ ಅಜ್ಞಾತರ ಧೈರ್ಯವಿದೆಯೆಂದು ಮಕ್ಕಳು ತಿಳಿದಿರಬೇಕು.

ಹೊಸ ಸಂಯುಕ್ತವೆಂದರೆ ಏನೆಂಬುದನ್ನು ನಮ್ಮ ಕಾಸರಗೋಡಿನವರಿಗೆ ಬೇರೆ ದೇಶದ ಉದಾಹರಣೆಯಿಂದ ಹೇಳಬೇಕಾದುದಿಲ್ಲ. 1950ರ ದಶಕದಲ್ಲಿ ಜಗತ್ತಿಗೆ ಪರಿಚಯವಾದ ಎಂಡೋಸಲ್ಫಾನ್ ಎಂಬ ಕೀಟನಾಶಕವೂ ನರಗಳ ಬಾಗಿಲುಗಳ ಮೇಲೆಯೇ ಕೆಲಸ ಮಾಡುವಂಥದು. ಔಷಧವು ಕೂಗನ್ನು ತಡೆಯುವ ಬಾಗಿಲನ್ನು ಹುಡುಕಿದರೆ, ಇದು ನರಗಳನ್ನು ಶಾಂತವಾಗಿಡುವ ಬಾಗಿಲನ್ನೇ ಮುಚ್ಚಿಬಿಡುತ್ತದೆ. ಎರಡು ದಶಕಗಳ ಕಾಲ, 2000ನೆಯ ಇಸವಿಯವರೆಗೆ, ಅದನ್ನು ನಮ್ಮ ಗುಡ್ಡಗಳ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸಿಂಪಡಿಸಿದರು. ಪಡ್ರೆಯ ವೈದ್ಯರಾದ ಡಾಕ್ಟರ್ ವೈ. ಎಸ್. ಮೋಹನ ಕುಮಾರ್ ಅವರು, ತಮ್ಮ ಬಳಿಗೆ ಬರುವ ರೋಗಿಗಳ ಕಷ್ಟಗಳು ಸಾಮಾನ್ಯವಾದುವಲ್ಲವೆಂದು ಗಮನಿಸಿ ಬರೆದಿಟ್ಟು, ಜಗತ್ತಿಗೆ ತಿಳಿಸಲು ಶ್ರಮಿಸಿದರು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ದೇಶದಲ್ಲಿ ಅದರ ತಯಾರಿಕೆಯನ್ನೂ ಮಾರಾಟವನ್ನೂ ನಿಷೇಧಿಸುವವರೆಗೆ ಹಳ್ಳಿಯ ಜನರ ಮಾತು ಎಷ್ಟು ಬಾಗಿಲುಗಳನ್ನು ತಟ್ಟಬೇಕಾಯಿತೆಂಬುದು ಈ ಸಭೆಯ ಹಿರಿಯರಿಗೆ ತಿಳಿದಿದೆ. ‘ನಮಗೆ ಕಷ್ಟವಾಗುತ್ತಿದೆ’ ಎಂಬ ಮಾತನ್ನು ಮೊದಲು ನಂಬಿದವನೇ ನಿಜವಾದ ಸಂಶೋಧಕನೆಂದು ನಾವು ಭಾವಿಸುತ್ತೇವೆ.

ಹಾಗಾದರೆ ಕೊನೆಗೆ ನೋವಿನ ಅಳತೆಗೋಲು ಯಾವುದು? ಸುಜೆಟ್ರಿಜಿನ್ ಪರೀಕ್ಷೆಯಲ್ಲಿ ಎರಡು ಸಾವಿರಕ್ಕೂ ಮಿಕ್ಕ ರೋಗಿಗಳ ನೋವನ್ನು ಅಳೆದುದು ಹೇಗೆ? ಸೊನ್ನೆಯಿಂದ ಹತ್ತರವರೆಗಿನ ಅಂಕಗಳಲ್ಲಿ ‘ಈಗ ನಿಮ್ಮ ನೋವು ಎಷ್ಟು?’ ಎಂದು ಅವರನ್ನೇ ಕೇಳಿದರು. ಅಷ್ಟೆ. ಇಷ್ಟೆಲ್ಲ ಶಾಸ್ತ್ರವು ಬೆಳೆದ ಮೇಲೆಯೂ ನೊಂದವನ ಮಾತೇ ಅಳತೆಗೋಲಾಗಿ ಉಳಿದಿದೆ. ನೋವಿನ ಅಧ್ಯಯನಕ್ಕಾಗಿ ಇರುವ ಅಂತರರಾಷ್ಟ್ರೀಯ ಸಂಘವು 2020ರಲ್ಲಿ ತನ್ನ ವ್ಯಾಖ್ಯೆಯನ್ನು ಪರಿಷ್ಕರಿಸಿದಾಗ, ಒಬ್ಬನು ನೋವಿದೆಯೆಂದು ಹೇಳಿದರೆ ಆ ಮಾತನ್ನು ಗೌರವಿಸಬೇಕೆಂದೂ, ಹೇಳಲಾರದವನಿಗೂ ನೋವಿರಬಹುದೆಂದೂ ಸೇರಿಸಿತು. ಈ ಎರಡನೆಯ ಮಾತಿಗೆ ದುಃಖಕರವಾದ ಹಿನ್ನೆಲೆಯಿದೆ. 1980ರ ದಶಕದವರೆಗೂ, ಹಸುಗೂಸುಗಳಿಗೆ ನೋವು ಅಷ್ಟಾಗಿ ತಿಳಿಯದೆಂಬ ನಂಬಿಕೆಯಿಂದ, ಎಷ್ಟೋ ಕಡೆ ಅತ್ಯಲ್ಪ ಅರಿವಳಿಕೆಯಲ್ಲಿಯೇ ಅವುಗಳಿಗೆ ಶಸ್ತ್ರಚಿಕಿತ್ಸೆಯನ್ನು ಮಾಡುತ್ತಿದ್ದರು. ಭಾರತ ಮೂಲದ ಡಾಕ್ಟರ್ ಕೆ. ಜೆ. ಎಸ್. ಆನಂದ್ ಅವರು ಆಕ್ಸ್‌ಫರ್ಡಿನಲ್ಲಿದ್ದಾಗ, ತಕ್ಕಷ್ಟು ಅರಿವಳಿಕೆಯನ್ನು ಕೊಟ್ಟ ಶಿಶುಗಳ ದೇಹವು ಕಡಮೆ ತಲ್ಲಣಿಸಿ ಚೆನ್ನಾಗಿ ಚೇತರಿಸುತ್ತದೆಂದು 1987ರಲ್ಲಿ ತೋರಿಸಿದ ಮೇಲೆ ಈ ಪದ್ಧತಿಯು ಬದಲಾಗತೊಡಗಿತು.

ಮಾತೇ ಅಳತೆಗೋಲಾದರೆ, ಯಾವ ಭಾಷೆಯ ಮಾತು? ನಮ್ಮ ಇಂದಿನ ಭಾಷಣದ ತಿರುಳು ಇಲ್ಲಿಯೇ ಇದೆ. ಮೆಲ್ಜಾಕ್ ಅವರು 1975ರಲ್ಲಿ ನೋವನ್ನು ವರ್ಣಿಸುವ 78 ಇಂಗ್ಲಿಷ್ ಪದಗಳನ್ನು 20 ಗುಂಪುಗಳಾಗಿ ಜೋಡಿಸಿ ವೈದ್ಯರಿಗೆ ಒಂದು ಪ್ರಶ್ನಾವಳಿಯನ್ನು ಮಾಡಿಕೊಟ್ಟರು. ಏಕೆಂದರೆ ಉರಿಯುವ ನೋವಿನ ಮೂಲವೇ ಬೇರೆ, ಹಿಂಡುವ ನೋವಿನ ಮೂಲವೇ ಬೇರೆ. ಪದವು ತಪ್ಪಿದರೆ ಚಿಕಿತ್ಸೆಯೂ ದಾರಿ ತಪ್ಪಬಹುದು. ನಮ್ಮ ಕನ್ನಡದಲ್ಲಿಯೂ ಇಂತಹ ಮಾತುಗಳಿಗೆ ಬಡತನವಿಲ್ಲ. ಉರಿ, ಸೆಳೆತ, ಸಿಡಿತ, ಹಿಂಡು, ಚುಚ್ಚು, ಕುತ್ತು, ಜೋಮು, ಮರಗಟ್ಟು, ಹಿಡಿದ ಹಾಗೆ, ಕೊರೆದ ಹಾಗೆ, ಚುಳ್ಳೆಂದ ಹಾಗೆ: ಒಂದೊಂದೂ ಒಂದೊಂದು ನೋವು.

ಕೆಲವು ವರ್ಷಗಳ ಹಿಂದೆ ನಮ್ಮ ದೊಡ್ಡಮ್ಮನವರನ್ನು ದೂರದ ಆಸ್ಪತ್ರೆಯೊಂದಕ್ಕೆ ಕರೆದುಕೊಂಡು ಹೋಗಬೇಕಾಯಿತು. ಒಳನಾಡಿನ ತೋಟದ ಮನೆಯಲ್ಲಿ ಬಾಳಿದ ಅವರಿಗೆ ಕನ್ನಡವಲ್ಲದೆ ಬೇರೆ ಮಾತು ಬಾರದು. ತರುಣ ವೈದ್ಯರು ಬಹಳ ಸೌಜನ್ಯದಿಂದ ಮಲಯಾಳದಲ್ಲಿ ‘ವೇದನ’ ಇದೆಯೇ ಎಂದು ಕೇಳಿದರು. ಮಲಯಾಳದಲ್ಲಿ ಅದು ದಿನಬಳಕೆಯ ನೋವು. ದೊಡ್ಡಮ್ಮನ ಕಿವಿಗೆ ಅದು ನಮ್ಮ ‘ವೇದನೆ’ಯಾಗಿ ಕೇಳಿಸಿತು. ವೇದನೆಯೆಂದರೆ ಅವರ ಪಾಲಿಗೆ ಸಾಯುವವರ ಸಂಕಟ. ‘ವೇದನೆ ಎಲ್ಲ ಏನೂ ಇಲ್ಲ ಮಗಾ’ ಎಂದುಬಿಟ್ಟರು. ವೈದ್ಯರು ನೋವಿಲ್ಲವೆಂದು ಬರೆದುಕೊಂಡರು. ನಾವು ಔಷಧದ ಚೀಟಿಗಾಗಿ ಹೊರಗೆ ನಿಂತಿದ್ದೆವು. ಮರಳಿ ಬಂದಾಗ ದೊಡ್ಡಮ್ಮನವರು, ‘ಎದೆಯಲ್ಲಿ ಹಿಡಿದ ಹಾಗೆ ಆಗುವುದನ್ನು ಅವರು ಕೇಳಲೇ ಇಲ್ಲವಲ್ಲ’ ಎಂದರು. ನಾವು ಅದನ್ನು ವೈದ್ಯರಿಗೆ ತಿಳಿಸಿದೊಡನೆ ಅವರ ಮುಖಭಾವವೇ ಬದಲಾಯಿತು. ಒಡನೆಯೇ ಹೃದಯದ ಪರೀಕ್ಷೆ ನಡೆಯಿತು, ಚಿಕಿತ್ಸೆಯೂ ದೊರೆಯಿತು. ಅಲ್ಲಿ ಯಾರದೂ ತಪ್ಪಿರಲಿಲ್ಲ. ಎರಡು ಅಕ್ಕತಂಗಿ ಭಾಷೆಗಳ ನಡುವೆ ಒಂದು ಪದವು ಜಾರಿತ್ತು, ಅಷ್ಟೆ. ಆದರೆ ಜಾರಿದ್ದು ಒಂದು ಜೀವದ ಬೆಲೆಯ ಪದ.

ಇನ್ನೊಂದನ್ನು ಹೇಳದಿದ್ದರೆ ನಮ್ಮ ಮನಸ್ಸು ಒಪ್ಪದು. ನಾವು ಬೇರೊಂದು ಊರಿನಲ್ಲಿ ಸಹಾಯಕ ಉಪಾಧ್ಯಾಯರಾಗಿದ್ದಾಗ, ಐದನೆಯ ತರಗತಿಯ ಹುಡುಗನೊಬ್ಬನು ಕವಾಯತಿನ ಹೊತ್ತಿನಲ್ಲಿ ಬಂದು, ‘ಕೈ ನೋಯುತ್ತದೆ ಸಾರ್’ ಎಂದನು. ಮುಖದಲ್ಲಿ ಅಳುವಿರಲಿಲ್ಲ, ಕೈ ಹೆಚ್ಚು ಬಾತಿರಲೂ ಇಲ್ಲ. ಕವಾಯತನ್ನು ತಪ್ಪಿಸಿಕೊಳ್ಳುವ ನೆಪವೆಂದು ತಿಳಿದು ನಾವು ಗದರಿಸಿ ಸಾಲಿಗೆ ಕಳುಹಿಸಿದೆವು. ಮೂರನೆಯ ದಿನ ಅವನು ಕೈಗೆ ಪಟ್ಟಿಯನ್ನು ಕಟ್ಟಿಸಿಕೊಂಡು ಬಂದನು. ಮಣಿಕಟ್ಟಿನ ಎಲುಬು ಬಿರುಕುಬಿಟ್ಟಿತ್ತು. ಅವನು ನಮ್ಮನ್ನು ದೂರಲಿಲ್ಲ, ನಮಸ್ಕಾರವನ್ನೂ ತಪ್ಪಿಸಲಿಲ್ಲ. ಆದರೆ ಆ ಮೇಲೆ ತನಗೆ ಏನಾದರೂ ಅವನು ನಮ್ಮ ಬಳಿಗೆ ಬಂದು ಹೇಳಲಿಲ್ಲ. ಬೀಚರ್ ಅವರು ರಣರಂಗದಲ್ಲಿ ಪ್ರತಿಯೊಬ್ಬನನ್ನೂ ಕೇಳಿ ತಿಳಿದ ಪಾಠವನ್ನು, ಕೇಳದೆ ಇದ್ದುದರಿಂದ ನಾವು ಕಲಿತೆವು.

ಆದುದರಿಂದ ಈ ಸಭೆಯ ಮುಂದೆ ನಮ್ಮದೊಂದು ಸಣ್ಣ ಬಿನ್ನಹವಿದೆ. ಬರುವ ವರ್ಷ ನಮ್ಮ ಶಾಲೆಯ ಮಕ್ಕಳು ತಮ್ಮ ತಮ್ಮ ಮನೆಯ ಅಜ್ಜಅಜ್ಜಿಯಂದಿರನ್ನು ಕೇಳಿ, ನೋವನ್ನು ಹೇಳುವ ಕನ್ನಡ, ತುಳು ಮಾತುಗಳನ್ನು ಸಂಗ್ರಹಿಸಲಿ. ಮಲಯಾಳ ಬಲ್ಲ ಉಪಾಧ್ಯಾಯರೂ ಹತ್ತಿರದ ವೈದ್ಯರೂ ಅವುಗಳಿಗೆ ಸರಿಯಾದ ಮಾತುಗಳನ್ನು ಜೋಡಿಸಿಕೊಡಲಿ. ಸಂಘವು ಅದನ್ನು ಒಂದು ಹಾಳೆಯಾಗಿ ಅಚ್ಚು ಹಾಕಿಸಿ, ಮನೆಮನೆಗೂ ಆಸ್ಪತ್ರೆಗಳಿಗೂ ಹಂಚಲಿ. ಇದಕ್ಕೆ ದೊಡ್ಡ ಧನವೇನೂ ಬೇಕಾಗಿಲ್ಲ. ಮಕ್ಕಳಿಗೆ ಇದರಿಂದ ವಿಜ್ಞಾನದ ಪಾಠವೂ ಆಗುತ್ತದೆ, ಭಾಷೆಯ ಪಾಠವೂ ಆಗುತ್ತದೆ. ಗಡಿನಾಡಿನಲ್ಲಿ ಕನ್ನಡ ಶಾಲೆ ಏಕೆ ಬೇಕೆಂದು ಕೇಳುವವರಿಗೆ ಹೇಳಲು ನಮ್ಮಲ್ಲಿ ಹಲವು ಉತ್ತರಗಳಿವೆ. ತನಗೆ ಎಲ್ಲಿ, ಹೇಗೆ ನೋಯುತ್ತದೆಂದು ಮನುಷ್ಯನು ಸಂಕೋಚವಿಲ್ಲದೆ ಹೇಳಬಲ್ಲದ್ದು ತಾಯ ಮಾತಿನಲ್ಲಿಯೇ ಎಂಬುದೂ ಅವುಗಳಲ್ಲೊಂದು.

ವಿದ್ಯಾರ್ಥಿಗಳೇ, ನಿಮ್ಮಲ್ಲಿ ಕೆಲವರು ಮುಂದೆ ಪ್ರಯೋಗಶಾಲೆಯಲ್ಲಿ ಹೊಸ ಸಂಯುಕ್ತಗಳನ್ನು ಕಟ್ಟುವವರಾಗಬಹುದು, ಕೆಲವರು ಅವುಗಳನ್ನು ರೋಗಿಗಳಿಗೆ ಕೊಡುವವರಾಗಬಹುದು. ಯಾವುದಾದರೂ ಆಗಿರಿ. ಎದುರಿಗಿದ್ದವನು ‘ನೋಯುತ್ತದೆ’ ಎಂದಾಗ ಮೊದಲು ನಂಬಿ, ಆಮೇಲೆ ಪರೀಕ್ಷಿಸಿರಿ. ನಿಮಗೆ ನೋವಾದರೆ ಹೇಳಲು ನಾಚಬೇಡಿರಿ. ನಮ್ಮ ಕೊಠಡಿಯ ಬಾಗಿಲು ತೆರೆದಿರುತ್ತದೆ.